ಹೀಲಿಯಂ ತರುವ ಮೊದಲು ಒಂಬತ್ತು ಎಣಿಸಿ

ರಾಜ್ಯೋತ್ಸವ ಹತ್ತಿರ ಬಂತೆಂದರೆ ಡೊಂಬಿವಲಿಯ ನಮ್ಮ ಸೊಸೈಟಿಯ ಹುಡುಗರು ನನ್ನ ಬಾಗಿಲು ತಟ್ಟುತ್ತಾರೆ. ಕೆಂಪು-ಹಳದಿ ಬಲೂನು ಹಾರಿಸಬೇಕು. "ಅಂಕಲ್, ಹೀಲಿಯಂ 5.0 ಹೇಳಿಬಿಡಲಾ? ಅದೇ ಬೆಸ್ಟ್ ಅಂತೆ." ನವಿ ಮುಂಬೈಯ ಲ್ಯಾಬೊಂದರಲ್ಲಿ ವರ್ಷಗಟ್ಟಲೆ ಸಿಲಿಂಡರ್‌ಗಳ ಜತೆ ಕಳೆದವನು ನಾನು. ಬಲೂನಿಗೆ ಅಷ್ಟೊಂದು ಶುದ್ಧವಾದ 5.0 ತರುವುದೆಂದರೆ ಹುರುಳಿ ಸಾರಿಗೆ ಕೇಸರಿ ಹಾಕಿದ ಹಾಗೆ. ಇದರ ಉಲ್ಟಾ ತಪ್ಪು ಇನ್ನೂ ದುಬಾರಿ: ಲ್ಯಾಬಿನ ಯಂತ್ರಕ್ಕೆ ಬಲೂನ್ ಗ್ಯಾಸ್ ಜೋಡಿಸುವುದು. ಎರಡನ್ನೂ ಕಣ್ಣಾರೆ ಕಂಡಿದ್ದೇನೆ.

ಮೊದಲು ಶುದ್ಧತೆಯ ಈ ನಂಬರ್ ಓದಲು ಕಲಿಯಿರಿ. ಚುಕ್ಕಿಯ ಹಿಂದಿನ ಅಂಕಿ ಎಷ್ಟು ಒಂಬತ್ತು ಎಂದು ಹೇಳುತ್ತದೆ. ಚುಕ್ಕಿಯ ಮುಂದಿನದು ಅವುಗಳ ಬಾಲಕ್ಕೆ ಸೇರುತ್ತದೆ. 4.5 ಎಂದರೆ ಶೇ 99.995. 5.0 ಎಂದರೆ 99.999. 6.0 ಎಂದರೆ 99.9999. ಅಂದರೆ 10 ಲಕ್ಷ ಪಾಲಿನಲ್ಲಿ ಬೇರೆ ಗ್ಯಾಸು ಕ್ರಮವಾಗಿ 50, 10, 1 ಪಾಲು ಮೀರಬಾರದು.

ಆಮೇಲೆ ಕೆಲಸ ಯಾವುದೆಂದು ನೋಡಿ. ಬಲೂನಿಗೆ ಬಲೂನ್ ಗ್ರೇಡೇ ಸಾಕು. ಅದರಲ್ಲಿ ಶೇ 3 ಗಾಳಿ ಬೆರೆತಿದ್ದರೆ ಮೇಲೆತ್ತುವ ಬಲವೂ ಅಷ್ಟೇ ಕಡಿಮೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ದಪ್ಪ ಅಲ್ಯೂಮಿನಿಯಂ ವೆಲ್ಡಿಂಗ್‌ಗೆ, ಪೈಪು-ಟ್ಯಾಂಕುಗಳ ಲೀಕ್ ಹುಡುಕಲು ಸಾಮಾನ್ಯವಾಗಿ 4.5ರ ಆಸುಪಾಸು. ಮಿಶ್ರಣದಲ್ಲಿ ಏನೇನಿದೆ ಎಂದು ಬೇರ್ಪಡಿಸಿ ಅಳೆಯುವ ಲ್ಯಾಬಿನ ಗ್ಯಾಸ್ ಕ್ರೊಮಾಟೋಗ್ರಾಫ್‌ಗೆ, ಅಂದರೆ ಜಿಸಿಗೆ, 5.0ಕ್ಕಿಂತ ಇಳಿಯಬೇಡಿ. ಎಂಆರ್‌ಐ ಯಂತ್ರದ ಕಥೆ ಬೇರೆ. ಹೆಚ್ಚಿನವುಗಳಲ್ಲಿ ಅಯಸ್ಕಾಂತ ಮುಳುಗಿರುವುದು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ.

ಇಲ್ಲೊಂದು ಎಚ್ಚರಿಕೆ. ಅರ್ಧ ರೇಟಿಗೆ ಬಲೂನ್ ಗ್ಯಾಸ್ ಕೊಡುತ್ತೇನೆ ಎನ್ನುವವನ ಹತ್ತಿರ ಇರುವುದು ಹೆಚ್ಚಾಗಿ ಹೈಡ್ರೋಜನ್, ಬೆಂಕಿ ತಗುಲಿದರೆ ಸ್ಫೋಟ. ಹೀಲಿಯಂ ಸಿಲಿಂಡರ್ ಕಂದು, ಹೈಡ್ರೋಜನ್ ಕೆಂಪು. ಬಣ್ಣ ಬಳಿದು ಮೋಸ ಮಾಡಬಹುದು, ಹಾಗಾಗಿ ಸಿಲಿಂಡರಿಗೆ ರೆಗ್ಯುಲೇಟರ್ ಜೋಡಿಸುವ ನಟ್ ಕೂಡ ನೋಡಿ. ಉರಿಯುವ ಗ್ಯಾಸಿನ ನಟ್ ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಹೀಲಿಯಂನದು ಬಲಕ್ಕೆ. ಲೈಟರ್ ಹಿಡಿದು ಪರೀಕ್ಷೆ ಮಾಡುವ ಜಾಣರೂ ಇದ್ದಾರೆ. ನೀವು ಆ ಸಾಹಸಕ್ಕೆ ಹೋಗಬೇಡಿ. ಬಿಲ್ ಕೊಡದವನ ಹತ್ತಿರ ಕೊಳ್ಳಲೇಬೇಡಿ.

ಈಗ ಎಲ್ಲರೂ ಎಡವುವ ಜಾಗ: ಜೋಡಣೆ. ಐದು ಒಂಬತ್ತಿನ ಗ್ಯಾಸಿಗೆ ದುಡ್ಡು ಸುರಿದು, ವೆಲ್ಡಿಂಗ್ ಅಂಗಡಿಯ ರಬ್ಬರ್ ಡಯಾಫ್ರಂ (ಒಳಪರದೆ) ಇರುವ ರೆಗ್ಯುಲೇಟರ್, ಪ್ಲಾಸ್ಟಿಕ್ ನಳಿಕೆ ಹಾಕುತ್ತಾರೆ. ಒಳಗೆ ಒತ್ತಡ ಇದ್ದರೂ ಪ್ಲಾಸ್ಟಿಕ್ಕಿನ ಮೂಲಕ ಹೊರಗಿನ ಆಮ್ಲಜನಕ, ತೇವ ಒಳಗೆ ನುಸುಳುತ್ತವೆ. ಮುಂಬೈಯ ಮಳೆಗಾಲದಲ್ಲಂತೂ ಕೇಳಲೇಬೇಡಿ. ನಮ್ಮಲ್ಲೊಮ್ಮೆ ಹೊಸ ಹುಡುಗ ಹೀಗೇ ಜೋಡಿಸಿ ಮನೆಗೆ ಹೋದ. ಜಿಸಿಯೊಳಗೆ ಬಿಸಿಯಾಗಿದ್ದ ಕೊಳವೆಗೆ, ಅಂದರೆ ಕಾಲಮ್ಮಿಗೆ, ಆಮ್ಲಜನಕ ತಗುಲಿ, ಬೆಳಿಗ್ಗೆ ಬರುವಷ್ಟರಲ್ಲಿ ಕಾಲಮ್ ಕೆಟ್ಟಿತ್ತು. ತಾಮ್ರದ ಅಥವಾ ಸ್ಟೀಲಿನ ಶುಚಿ ನಳಿಕೆ, ಸ್ಟೀಲ್ ಡಯಾಫ್ರಂ ರೆಗ್ಯುಲೇಟರ್. ಇದರಲ್ಲಿ ಚೌಕಾಸಿ ಇಲ್ಲ.

ನಟ್ಟಿನ ಎಳೆಗಳಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಅಲ್ಲಿ ಗ್ಯಾಸ್ ತಡೆಯುವುದು ಎಳೆಯಲ್ಲ, ಲೋಹಕ್ಕೆ ಲೋಹ ಒತ್ತುವ ಮೂತಿ. ಟೇಪಿನ ಚೂರು ಒಳಗೆ ಹೋಗಿ ಕೂತರೆ ರೆಗ್ಯುಲೇಟರ್ ಹಾಳು. ಬಿಗಿ ಮಾಡಿದ ಮೇಲೆ ಹೊರದಾರಿ ಮುಚ್ಚಿ, ಸಿಲಿಂಡರ್ ವಾಲ್ವನ್ನು ನಿಧಾನವಾಗಿ ತುಸು ತೆರೆದು ತಕ್ಷಣ ಮುಚ್ಚಿ. ಈಗ ಹೊರದಾರಿ ಬಿಚ್ಚಿ ಗ್ಯಾಸ್ ಬಿಡಿ. ಒತ್ತಡದ ಮೀಟರಿನ ಮುಳ್ಳು ಸೊನ್ನೆಗೆ ಬೀಳುವ ಮೊದಲೇ ಮತ್ತೆ ಮುಚ್ಚಿ. ಪೂರ್ತಿ ಖಾಲಿ ಮಾಡಿದರೆ ಗಾಳಿ ವಾಪಸ್ ಬರುತ್ತದೆ ಅಲ್ವಾ? ಹೀಗೆ ಐದು ಸಲ. ಗ್ಯಾಸ್ ದಂಡ ಎಂದು ಒಂದೇ ಸಲಕ್ಕೆ ನಿಲ್ಲಿಸುವವರು ಆಮೇಲೆ ವಾರವಿಡೀ ಯಂತ್ರವನ್ನು ಬಯ್ಯುತ್ತಾರೆ. ಲೀಕ್ ನೋಡಲು ಸಾಬೂನು ನೀರು ಬಲೂನಿನವರಿಗೆ ಸರಿ, ಜಿಸಿ ಲೈನಿಗೆ ಬೇಡ. ಅದನ್ನೂ ಒಳಗೆ ಎಳೆದುಕೊಂಡೀತು. ಅದಕ್ಕೆಂದೇ ಬರುವ ಲೀಕ್ ಡಿಟೆಕ್ಟರ್ ಇಟ್ಟುಕೊಳ್ಳಿ.

ಬಲೂನು ತುಂಬುವುದು ಸುಲಭ. ಸಿಲಿಂಡರ್ ನಿಲ್ಲಿಸಿ ಸರಪಳಿ ಕಟ್ಟಿ, ನಳಿಗೆ ಬಲೂನು ಹಾಕಿ, ಒತ್ತಿ. 12 ಇಂಚಿನದಕ್ಕೆ ಸುಮಾರು 14 ಲೀಟರ್ ಬೇಕು. 7 ಘನ ಮೀಟರ್ ಸಿಲಿಂಡರಿನಲ್ಲಿ ಲೆಕ್ಕಕ್ಕೆ 500 ಬಲೂನು, ಸೋರಿದ್ದು ಒಡೆದದ್ದು ಬಿಟ್ಟು 400 ಹಿಡಿಯಿರಿ. ಎಸಿ ಹಾಲ್‌ನಲ್ಲಿ ಬಿಗಿಯಾಗಿ ತುಂಬಿ ಬಿಸಿಲಿನ ಟೆರೇಸಿಗೆ ಒಯ್ದರೆ ಹಿಗ್ಗಿ ಪಟಪಟ ಒಡೆಯುತ್ತವೆ. ದನಿ ಬದಲಾಗಲಿ ಎಂದು ಮಕ್ಕಳು ಉಸಿರಿಗೆ ಎಳೆದುಕೊಳ್ಳದಂತೆ ನೋಡಿಕೊಳ್ಳಿ. ಅದರಲ್ಲಿ ಆಮ್ಲಜನಕವೇ ಇಲ್ಲ.

ಕೆಲಸ ಮುಗಿದ ಮೇಲೆ ಸಿಲಿಂಡರಿನಲ್ಲಿ ಸ್ವಲ್ಪ ಒತ್ತಡ ಉಳಿಸಿಯೇ ವಾಲ್ವ್ ಮುಚ್ಚಿ, ಟೋಪಿ ಹಾಕಿ. ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ವಾಪಸ್ ಒಯ್ಯುತ್ತೇನೆ ಎಂದವನೊಬ್ಬನಿದ್ದ. ಬೇಡ, ಟೆಂಪೋ ಕರೆಸಿ.