ಟ್ರೋಲಿಂಗ್ ಮೋಟರಿನ ಬ್ಯಾಟರಿಗಳಿಗೆ ನಾನು ಚಾರ್ಜರ್ ಆರಿಸಿದ ಬಗೆ

ಅಮೆರಿಕದ ಮಿನ್ನೆಸೋಟದ ಕೆರೆಗಳಲ್ಲಿ ಮೀನು ಹಿಡಿಯುವ ನನ್ನ ಅಲ್ಯೂಮಿನಿಯಂ ದೋಣಿಯ ಮುಂಭಾಗದಲ್ಲಿ 24 ವೋಲ್ಟಿನ, 80 ಪೌಂಡ್ ಥ್ರಸ್ಟ್‌ನ (ನೂಕುಬಲದ) ಟ್ರೋಲಿಂಗ್ ಮೋಟರ್ ಇದೆ. ದೂರ ಹೋಗುವುದಕ್ಕೆ ಪೆಟ್ರೋಲ್ ಎಂಜಿನ್ ಸಾಕು. ಆದರೆ ಸದ್ದಿಲ್ಲದೆ ಸಾಗಲು, ಗಾಳಿ ಬೀಸುವಾಗ ಒಂದೇ ಜಾಗದಲ್ಲಿ ದೋಣಿಯನ್ನು ನಿಲ್ಲಿಸಿಕೊಳ್ಳಲು ಈ ವಿದ್ಯುತ್ ಮೋಟರೇ ಬೇಕು. ಪೂರ್ತಿ ವೇಗದಲ್ಲಿ ಅದು 50 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಅದಕ್ಕೆ ಶಕ್ತಿ ಕೊಡುವುದು ಸರಣಿಯಲ್ಲಿ ಜೋಡಿಸಿದ 12 ವೋಲ್ಟಿನ ಎರಡು ಡೀಪ್ ಸೈಕಲ್ (ಮತ್ತೆ ಮತ್ತೆ ಆಳವಾಗಿ ಬರಿದಾಗಿ ತುಂಬಿಕೊಳ್ಳಬಲ್ಲ) ಲೆಡ್ ಆಸಿಡ್ ಬ್ಯಾಟರಿಗಳು, ಒಂದೊಂದೂ ಸುಮಾರು 100 ಆಂಪಿಯರ್ ಅವರ್‌ನವು (ಎಷ್ಟು ಆಂಪಿಯರನ್ನು ಎಷ್ಟು ಗಂಟೆ ಕೊಡಬಲ್ಲದು ಎಂಬುದರ ಗುಣಲಬ್ಧ). ಸರಣಿಯಲ್ಲಿ ವೋಲ್ಟೇಜ್ ಮಾತ್ರ ಇಮ್ಮಡಿಯಾಗುತ್ತದೆ, ಆಂಪಿಯರ್ ಅವರ್ 100 ಆಗಿಯೇ ಉಳಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ಕೂರುವ ಮೊದಲೇ ನೆನಪಿಟ್ಟುಕೊಳ್ಳಬೇಕು.

ಚಾರ್ಜರಿನ ಬೆಲೆ, ಬ್ರ್ಯಾಂಡ್ ನೋಡುವ ಮೊದಲು ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಶನಿವಾರ ಸಂಜೆ ಮನೆಗೆ ಮರಳಿದ ದೋಣಿ ಭಾನುವಾರ ನಸುಕಿನಲ್ಲಿ ಮತ್ತೆ ಹೊರಡಬೇಕಾದರೆ ನಡುವೆ ಎಷ್ಟು ಗಂಟೆ ಸಿಗುತ್ತದೆ? ಹೆಚ್ಚೆಂದರೆ ಎಂಟು. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಅದು ಬಹುಕಾಲ ಬಾಳುವುದರಿಂದ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಅಂದರೆ ಪ್ರತಿ ಬ್ಯಾಟರಿಗೂ 50 ಆಂಪಿಯರ್ ಅವರ್ ಮರಳಿ ತುಂಬಬೇಕು, ಚಾರ್ಜಿಂಗ್‌ನಲ್ಲಿ ವ್ಯಯವಾಗುವುದನ್ನು ಸೇರಿಸಿದರೆ 57 ಅಥವಾ 58. ಐದು ಆಂಪಿಯರಿನ ಚಾರ್ಜರ್ ಇದಕ್ಕೆ ಹನ್ನೆರಡು ಗಂಟೆಯಾದರೂ ತೆಗೆದುಕೊಳ್ಳುತ್ತದೆ. ಹತ್ತು ಆಂಪಿಯರಿನದಾದರೆ ಏಳೆಂಟು ಗಂಟೆಯಲ್ಲಿ ಮುಗಿಯುತ್ತದೆ. ಹದಿನೈದಕ್ಕೆ ಹೋದರೆ ಸಮಯ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಏಕೆಂದರೆ ಸುಮಾರು ಶೇಕಡಾ 80 ತುಂಬಿದ ಮೇಲೆ ಬ್ಯಾಟರಿ ತಾನೇ ಕರೆಂಟನ್ನು ಕಡಿಮೆ ಮಾಡಿಕೊಳ್ಳುತ್ತದೆ, ಆ ಕೊನೆಯ ಹಂತವನ್ನು ಯಾವ ಚಾರ್ಜರೂ ಅವಸರಪಡಿಸಲಾರದು. ಹಾಗಾಗಿ ಬ್ಯಾಟರಿಯೊಂದಕ್ಕೆ ಹತ್ತು ಆಂಪಿಯರ್ ಎಂದು ನಿಶ್ಚಯಿಸಿದೆ.

ಅಂಗಡಿಯಲ್ಲಿ ಡಬ್ಬಿಗಳನ್ನು ಹೋಲಿಸುವಾಗ ಈ ಲೆಕ್ಕ ಉಪಯೋಗಕ್ಕೆ ಬಂತು. ಎರಡು ಬ್ಯಾಂಕಿನ (ಒಂದೊಂದು ಬ್ಯಾಟರಿಗೆ ಒಂದೊಂದು ಔಟ್‌ಪುಟ್ ಇರುವ) ಚಾರ್ಜರಿನ ಮೇಲೆ ದಪ್ಪ ಅಕ್ಷರದಲ್ಲಿ 20 ಎಂದಿದ್ದರೆ ಅದು ಸಾಮಾನ್ಯವಾಗಿ ಎರಡೂ ಬ್ಯಾಂಕ್ ಸೇರಿದ ಮೊತ್ತ. ಪ್ರತಿ ಬ್ಯಾಟರಿಗೆ ಸಿಗುವುದು ಹತ್ತೇ. ಹತ್ತು ಎಂದು ಬರೆದಿರುವ ಅಗ್ಗದ ಚಾರ್ಜರ್ ಕೊಡುವುದು ಐದೈದು. ದೊಡ್ಡ ಅಂಕಿಯನ್ನು ಬಿಟ್ಟು, ಡಬ್ಬಿಯ ಹಿಂಬದಿಯಲ್ಲಿ ಬ್ಯಾಂಕಿಗೆ ಎಷ್ಟು ಎಂದು ಬರೆದಿರುವ ಸಾಲನ್ನೇ ಓದಬೇಕು.

24 ವೋಲ್ಟಿನ ಒಂದೇ ಚಾರ್ಜರನ್ನು ಸರಣಿಯ ಎರಡು ತುದಿಗೆ ಜೋಡಿಸುವ ದಾರಿಯೂ ಇತ್ತು, ಅದು ನನಗೆ ಒಪ್ಪಿಗೆಯಾಗಲಿಲ್ಲ. ಒಂದು ಬ್ಯಾಟರಿ ಸ್ವಲ್ಪ ದುರ್ಬಲವಾದರೂ ಆ ಚಾರ್ಜರಿಗೆ ಕಾಣುವುದು ಒಟ್ಟು ವೋಲ್ಟೇಜ್ ಮಾತ್ರ. ಒಂದು ಅರೆತುಂಬಿ ಉಳಿದು ಇನ್ನೊಂದು ಮಿತಿಮೀರಿ ಕುದಿಯುವ ಸ್ಥಿತಿ ಬರಬಹುದು. ಎರಡು ಬ್ಯಾಂಕುಗಳೂ ಒಳಗೆ ಪರಸ್ಪರ ಪ್ರತ್ಯೇಕಗೊಂಡಿರುವ ಚಾರ್ಜರಿನಲ್ಲಿ ಪ್ರತಿ ಬ್ಯಾಟರಿಗೂ ಅದರದೇ ಜೋಡಿ ತಂತಿ ಇರುತ್ತದೆ, ಎರಡನ್ನೂ ಸರಣಿಯಲ್ಲಿ ಬೆಸೆಯುವ ನಡುವಿನ ಜಂಪರ್ ತಂತಿಯನ್ನು ಬಿಚ್ಚಬೇಕಾಗಿಲ್ಲ. ಬ್ಯಾಂಕುಗಳು ಪ್ರತ್ಯೇಕ ಎಂದು ಸ್ಪಷ್ಟವಾಗಿ ಹೇಳದ ಮಾದರಿಗಳನ್ನು ನಾನು ಪಟ್ಟಿಯಿಂದಲೇ ತೆಗೆದುಹಾಕಿದೆ.

ಬ್ಯಾಟರಿಯ ಬಗೆಗೆ ತಕ್ಕ ವೋಲ್ಟೇಜ್ ಮುಂದಿನ ಪರೀಕ್ಷೆ. ನೀರು ತುಂಬುವ ಬಗೆಗೆ ಕೊನೆಯ ಹಂತದಲ್ಲಿ 14.4ರಿಂದ 14.8 ವೋಲ್ಟ್ ಬೇಕು. ಒಳಗಿನ ಆಸಿಡ್ ಅಂಟಿನಂತೆ ಗಟ್ಟಿಯಾಗಿರುವ ಜೆಲ್ ಬಗೆಗೆ ಅಷ್ಟು ಕೊಟ್ಟರೆ ಕೆಡುತ್ತದೆ. ತುಂಬಿದ ಮೇಲೆ 13.4ರ ಆಸುಪಾಸಿಗೆ ಇಳಿದು ನಿಲ್ಲದ ಚಾರ್ಜರ್ ದೋಣಿಗೆ ಬೇಡವೇ ಬೇಡ. ತಾಪಮಾನಕ್ಕೆ ತಕ್ಕಂತೆ ವೋಲ್ಟೇಜ್ ಹೊಂದಿಸಿಕೊಳ್ಳುವ ಸೌಲಭ್ಯಕ್ಕೆ ಸ್ವಲ್ಪ ಹೆಚ್ಚು ಹಣ ತೆತ್ತೆ, ಏಕೆಂದರೆ ನಮ್ಮ ಗ್ಯಾರೇಜು ಏಪ್ರಿಲಿನಲ್ಲಿ ಕೊರೆಯುತ್ತದೆ, ಜುಲೈನಲ್ಲಿ ಬೇಯುತ್ತದೆ. ಚಾರ್ಜಿನ ಸ್ಥಿತಿಯನ್ನು ಫೋನಿನಲ್ಲಿ ತೋರಿಸುವ ಬ್ಲೂಟೂತ್ ಮಾದರಿಗೆ ಮಾತ್ರ ಕೈಹಾಕಲಿಲ್ಲ. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿದರೆ, ತುಂಬಿದ ಬ್ಯಾಟರಿ 12.6 ಅಥವಾ 12.7 ತೋರಿಸುತ್ತದೆ, ಅಷ್ಟೇ ಸಾಕು.

ಚಾರ್ಜರನ್ನು ಕೂರಿಸಲು ದೋಣಿಯ ಹಿಂಭಾಗದ ಗಾಳಿಯಾಡುವ ಜಾಗವನ್ನು ಆರಿಸಿದೆ. ಚಾರ್ಜ್ ಆಗುವಾಗ ಈ ಬ್ಯಾಟರಿಗಳಿಂದ ಹೈಡ್ರೋಜನ್ ಬರುವುದರಿಂದ ಬ್ಯಾಟರಿ ಇರುವ ಗೂಡಿನ ಮುಚ್ಚಳ ತೆರೆದಿಟ್ಟೇ ಪ್ಲಗ್ ಹಾಕುತ್ತೇನೆ. ಊರಿನ ಮನೆಯ ಇನ್ವರ್ಟರ್ ಬ್ಯಾಟರಿಯಂತೆ ಇವಕ್ಕೂ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಅದೂ ಪೂರ್ತಿ ಚಾರ್ಜ್ ಆದ ಮೇಲೆ. ಗೋಡೆಯ 120 ವೋಲ್ಟಿನಿಂದ ಚಾರ್ಜರ್ ಎಳೆಯುವುದು ಮೂರು ಆಂಪಿಯರಿನಷ್ಟೇ ಆದ್ದರಿಂದ ಬೇರೆ ವೈರಿಂಗ್ ಬೇಕಾಗಲಿಲ್ಲ.

ಕೆರೆಗಳು ಹೆಪ್ಪುಗಟ್ಟಿದ ಮೇಲೂ ಚಾರ್ಜರಿಗೆ ಕೆಲಸವಿದೆ. ಪೂರ್ತಿ ತುಂಬಿದ ಲೆಡ್ ಆಸಿಡ್ ಬ್ಯಾಟರಿ ಮೈನಸ್ 40 ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ. ಬರಿದಾದದ್ದು ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಒಡೆಯುತ್ತದೆ. ಲಿಥಿಯಂ ಬ್ಯಾಟರಿಯ ತೊಡಕು ಬೇರೆ: ಸೊನ್ನೆಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಲೇಬಾರದು. ಈಗಿನ ಬ್ಯಾಟರಿಗಳು ಸವೆದ ಮೇಲೆ ಲಿಥಿಯಂ ಕೊಳ್ಳುವ ಆಲೋಚನೆ ಇರುವುದರಿಂದ, ಎರಡೂ ಬಗೆಗೆ ಹೊಂದಿಸಬಲ್ಲ ಗುಂಡಿ ಇರುವ ಚಾರ್ಜರನ್ನೇ ಕೊನೆಗೆ ಕೊಂಡೆ.