ಡೆಪಾಸಿಟ್ ವಾಪಸ್ ಬಾರದಿದ್ದರೆ: ಕ್ಯಾಲಿಫೋರ್ನಿಯಾಕ್ಕೆ ಬಂದ ಮಲೆನಾಡಿನವರಿಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ನಮಗೊಂದು ಕಾಯಿಲೆ ಇದೆ, ದಾಕ್ಷಿಣ್ಯ. ಊರಲ್ಲಿ ಅಡಿಕೆ ಮಂಡಿಯಿಂದ ಪಟ್ಟಿ ಕೈಗೆ ಬರದೆ ಕದಲದವರು, ಇಲ್ಲಿ ಬಾಡಿಗೆ ಮನೆ ಬಿಡುವಾಗ ಒಂದು ಫೋಟೋ ಕೂಡ ತೆಗೆಯದೆ ಕೀಲಿ ಕೊಟ್ಟು ನಕ್ಕು ಬರುತ್ತೇವೆ. ಡೆಪಾಸಿಟ್‌ನ ಚೂರುಪಾರು ಮಾತ್ರ ವಾಪಸ್ ಬಂದಾಗ ಹೊಟ್ಟೆ ಉರಿಯುತ್ತದೆ. ಸಣ್ಣ ಮೊತ್ತದ ತಕರಾರು ನೋಡುವ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇರುವುದೇ ಇಂಥದ್ದಕ್ಕೆ. ವಿಚಾರಣೆಯಲ್ಲಿ ನಿಮ್ಮ ಪರ ವಕೀಲರು ವಾದಿಸುವಂತಿಲ್ಲ, ಎದುರಿನವರ ಪರವೂ ಇಲ್ಲ. ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಕೇಳಬಹುದು.

ಮನೆ ಬಿಟ್ಟ 21 ದಿನದೊಳಗೆ ಮಾಲೀಕರು ಡೆಪಾಸಿಟ್ ಕೊಡಬೇಕು, ಹಿಡಿದುಕೊಂಡಿದ್ದರೆ ಯಾವುದಕ್ಕೆ ಎಷ್ಟು ಎಂಬ ಪಟ್ಟಿ ಕೊಡಬೇಕು. ದುರಸ್ತಿ, ಕ್ಲೀನಿಂಗ್ ಖರ್ಚು 125 ಡಾಲರ್ ದಾಟಿದರೆ ರಸೀದಿಯೂ ಬೇಕು. ದುರುದ್ದೇಶದಿಂದ ಹಿಡಿದುಕೊಂಡರೆಂದು ಜಡ್ಜ್‌ಗೆ ಅನ್ನಿಸಿದರೆ, ಡೆಪಾಸಿಟ್‌ನ ಎರಡು ಪಟ್ಟಿನವರೆಗೆ ಹೆಚ್ಚುವರಿ ಕೊಡಿಸಬಹುದು. ಬಣ್ಣ ಮಾಸುವುದು, ಕಾರ್ಪೆಟ್ ಸವೆಯುವುದು ನಿಮ್ಮ ತಲೆಗೆ ಬರುವುದಿಲ್ಲ. ಒಲೆ ಹಿಂದಿನ ಒಗ್ಗರಣೆ ಜಿಡ್ಡು, ಕೌಂಟರ್ ಮೇಲಿನ ಅರಿಶಿನದ ಕಲೆ ಬರುತ್ತವೆ. ಅದನ್ನು ಒಪ್ಪಿಕೊಂಡುಬಿಡಿ, ಉಳಿದ ಮಾತಿಗೆ ತೂಕ ಬರುತ್ತದೆ.

ನಾವು ಜಾರಿ ಬೀಳುವುದು ಬೂಷ್ಟಿನ ವಿಷಯದಲ್ಲಿ. ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿಂದ ಬಂದವರು, ಬಚ್ಚಲ ಗೋಡೆ ಕಪ್ಪಾದರೆ ಒರೆಸಿ ಸುಮ್ಮನಾಗುತ್ತೇವೆ. ಪೈಪ್ ಸೋರಿ ಬಂದದ್ದಾದರೆ ಅವತ್ತೇ ಫೋಟೋ ಸಮೇತ ಇಮೇಲ್ ಹಾಕಿ. ಇಲ್ಲದಿದ್ದರೆ ಕೊನೆಗೆ ಗೋಡೆ ರಿಪೇರಿ ನಿಮ್ಮ ಲೆಕ್ಕಕ್ಕೇ.

ಮೊದಲು ಬರಹದಲ್ಲಿ ಹಣ ಕೇಳಿ: ಮೊತ್ತ, ಕಾರಣ, ಕೊನೆಯ ದಿನ, ನಿಮ್ಮ ಹೊಸ ವಿಳಾಸ. ಬೈಗುಳ ಬೇಡ, ಆ ಪತ್ರವನ್ನು ಜಡ್ಜ್ ಓದುತ್ತಾರೆ. ಆಮೇಲೆ ಕೇಸ್ ಹಾಕುವ ಎಸ್‌ಸಿ-100 ಫಾರಂ ತುಂಬಿ ಕೋರ್ಟಿಗೆ ಕೊಟ್ಟು, ಮೊತ್ತ ನೋಡಿ 30ರಿಂದ 75 ಡಾಲರ್ ಶುಲ್ಕ ಕಟ್ಟಿ.

ಫಾರಂಗಿಂತ ಹೆಸರು ಮುಖ್ಯ. ಬಾಡಿಗೆ ವಸೂಲಿಗೆ ಬರುತ್ತಿದ್ದ ಮ್ಯಾನೇಜರ್ ಹೆಸರು ಬರೆದು ಕೇಸ್ ಗೆದ್ದರೂ ಮಾಲೀಕರಿಂದ ಒಂದು ಡಾಲರ್ ಹುಟ್ಟುವುದಿಲ್ಲ. ಕರಾರುಪತ್ರ ನೋಡಿ, ಮಾಲೀಕತ್ವ ಕಂಪನಿಯದಾದರೆ ಕಂಪನಿಗಳ ನೋಂದಣಿ ನೋಡಿಕೊಳ್ಳುವ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ದಾಖಲೆಯಲ್ಲಿ ಪೂರ್ತಿ ಹೆಸರೂ ನೋಟಿಸ್ ಪಡೆಯುವ ಏಜೆಂಟರ ವಿಳಾಸವೂ ಸಿಗುತ್ತವೆ. ಕೇಸಿನ ಪ್ರತಿಯನ್ನು ನೀವೇ ಕೊಡುವಂತಿಲ್ಲ. 18 ತುಂಬಿದ, ಕೇಸಿನಲ್ಲಿ ಪಾರ್ಟಿಯಲ್ಲದ ಯಾರಾದರೂ ಎದುರಿನವರ ಕೈಗೆ ಕೊಡಬೇಕು, ಕೋರ್ಟ್ ಇರುವ ಕೌಂಟಿಯಲ್ಲೇ (ಅಂದರೆ ಜಿಲ್ಲೆಯಲ್ಲೇ) ಆದರೆ ವಿಚಾರಣೆಗೆ 15 ದಿನ ಮೊದಲು, ಬೇರೆಯಾದರೆ 20 ದಿನ. ಕೊಟ್ಟದ್ದಕ್ಕೆ ಪುರಾವೆಯಾಗಿ, ಕೊಟ್ಟವರು ಸಹಿ ಹಾಕಿದ ಎಸ್‌ಸಿ-104 ಫಾರಂ ಕೋರ್ಟಿಗೆ ಸೇರಬೇಕು. ಇದು ತಪ್ಪಿದರೆ ದಿನಾಂಕ ಮುಂದಕ್ಕೆ.

ಸಾಕ್ಷ್ಯ ಮೂರು ಸೆಟ್: ಜಡ್ಜ್‌ಗೆ, ಎದುರಿನವರಿಗೆ, ನಿಮಗೆ. ವಾಟ್ಸಾಪ್ ಮಾತುಕತೆಯನ್ನು ತಾರೀಕು ಕಾಣುವಂತೆ ಪ್ರಿಂಟ್ ಮಾಡಿ, ಫೋನ್ ಚಾಚಿ ತೋರಿಸುವ ಆಟ ಬೇಡ. ಮಾತು ಶುರುವಾಗುವುದು ಮೊತ್ತದಿಂದ: ‘ಇಷ್ಟು ಕೊಟ್ಟಿದ್ದೆ, ಇಷ್ಟು ಬಂದಿದೆ, ಇಷ್ಟು ಬಾಕಿ’. ಊರಲ್ಲಾದರೆ ಜಗಲಿ ಮೇಲೆ ಕೂತು, ಕವಳ ಹಾಕಿಕೊಂಡು, ಅಜ್ಜನ ಕಾಲದ ಬೇಲಿ ಜಗಳದಿಂದ ಶುರುಮಾಡಿದರೂ ಹಿರಿಯರು ಕೇಳಿಸಿಕೊಳ್ಳುತ್ತಿದ್ದರು. ಇಲ್ಲಿ ಸಿಗುವುದು ಕೆಲವೇ ನಿಮಿಷ. ಆ ಜಗಲಿ ಇಲ್ಲದ ಕೊರತೆ ಕಾಡುವುದೂ ಇಂಥ ಹೊತ್ತಿನಲ್ಲೇ.

ಇಂಗ್ಲಿಷ್ ತಡವರಿಸುತ್ತದೆಂದು ಮಕ್ಕಳನ್ನು ಮಾತಾಡಿಸಲು ಕರೆದೊಯ್ಯಬೇಡಿ. ಅಪ್ಪ ಸುಳ್ಳು ಹೇಳುತ್ತಿದ್ದಾನೆ ಎಂದು ಎದುರಿನವರು ಹೇಳಿದ್ದನ್ನು ಹತ್ತು ವರ್ಷದ ಕೂಸು ಅಪ್ಪನಿಗೇ ಕನ್ನಡದಲ್ಲಿ ಹೇಳಬೇಕಾಗುತ್ತದೆ. ಐಎನ್‌ಟಿ-300 ಫಾರಂ ಕೊಟ್ಟು ದುಭಾಷಿ ಕೇಳಿ, ಕನ್ನಡದವರನ್ನು ಹುಡುಕಲು ಸಮಯ ಬೇಕಾದ್ದರಿಂದ ಬೇಗ ಕೇಳಿ.

ಸೋತರೆ, ಕೇಸ್ ಹಾಕಿದವರಿಗೆ ಮೇಲ್ಮನವಿ ಇಲ್ಲ. ಎದುರಿನವರಿಗೆ 30 ದಿನ ಇದೆ. ಗೆದ್ದರೂ ಕೋರ್ಟ್ ವಸೂಲಿ ಮಾಡಿಕೊಡುವುದಿಲ್ಲ. ಅವರು ಕೊಡದಿದ್ದರೆ ಕೋರ್ಟಿನಿಂದ ರಿಟ್ (ವಸೂಲಿ ಆದೇಶ) ತೆಗೆದುಕೊಂಡು ಕೌಂಟಿಯ ಪೊಲೀಸ್ ಅಧಿಕಾರಿಯಾದ ಶೆರಿಫ್ ಮೂಲಕ ಬ್ಯಾಂಕ್ ಖಾತೆಯಿಂದ ಹಿಡಿಸಬೇಕು, ಅದಕ್ಕೆ ಅವರ ಬ್ಯಾಂಕ್ ಯಾವುದೆಂದು ಗೊತ್ತಿರಬೇಕು. ಹಾಗಾಗಿ ಬಾಡಿಗೆಯನ್ನು ಚೆಕ್‌ನಲ್ಲಿ ಕೊಟ್ಟಿದ್ದರೆ, ನಗದಾದ ಚೆಕ್ಕಿನ ಹಿಂಬದಿಯ ಚಿತ್ರವನ್ನು ನಿಮ್ಮ ಬ್ಯಾಂಕಿನಿಂದ ಈಗಲೇ ಇಳಿಸಿಟ್ಟುಕೊಳ್ಳಿ.