ಸಾಲದಂಕರಾಮನಿಗೆ ಹೆಸರಿಟ್ಟ ಕಥೆ

ಐದಾರು ವರ್ಷದ ಹಿಂದೆ ನಮ್ಮ ಬರೆಯೋರ ಗುಂಪಿನಲ್ಲಿ ನನ್ನ ಪಾತ್ರಗಳ ಹೆಸರಿನ ಪಟ್ಟಿ ಓದಿದಾಗ ಎಲ್ಲರೂ ನಕ್ಕಿದ್ದರು. ಹೆಸರಿಗೆ ನಕ್ಕಿದ್ದಲ್ಲ, ನನಗೆ ನಕ್ಕಿದ್ದು. "ಮಾಯಾಲೋಕದ ಹಾಸ್ಯಕಥೆ ಕನ್ನಡದಲ್ಲಿ ಓಡೋದೇ ಕಷ್ಟ ಮಾರಾಯ. ಅದರ ಮೇಲೆ ಈ ಹೆಸರುಗಳಾ? ಸುಮ್ನೆ ಗುಂಡ, ಕಿಟ್ಟಿ ಅಂತಿಡು" ಎಂದರು ಒಬ್ಬ ಹಿರಿಯರು. ಈಗ ಅವರ ಮೊಮ್ಮಗಳೇ ಕ್ಲಾಸಿನಲ್ಲಿ ದಿನಾ ಪೆನ್ಸಿಲ್ಲು, ರಬ್ಬರು ಸಾಲ ಕೇಳುವ ಹುಡುಗನನ್ನು "ಸಾಲದಂಕರಾಮ" ಅಂತ ಕರೆಯುತ್ತಾಳಂತೆ. ಅವರೇ ಫೋನ್ ಮಾಡಿ ಹೇಳಿದರು. ಧ್ವನಿಯಲ್ಲಿ ಸ್ವಲ್ಪ ಬೇಸರವೂ ಇತ್ತು. ನನಗೆ ಅಷ್ಟು ಸಾಕು.

ಮೊದಲು ಮುಳುಗಿದ ಕಥೆ. ನನ್ನ ಮೊದಲ ಪುಸ್ತಕದ ರಾಕ್ಷಸನ ಹೆಸರು ಝ್ರಾಕ್ಸ್. ಅವನ ಮಂತ್ರಿ ಖ್ರೋಮಾಂಡ್ರಿಲ್. ವಿಚಿತ್ರ ಹೆಸರು ಅಂದ್ರೆ ನಾಲಿಗೆ ಹೊರಳದ ಹೆಸರು ಅಂತ ಆಗ ನಾನು ನಂಬಿದ್ದೆ. ಬರೆಯುತ್ತಾ ಹೋದ ಹಾಗೆ ವಿಭಕ್ತಿ ಹಚ್ಚಬೇಕಲ್ಲ, ಅಲ್ಲಿ ಶುರುವಾಯಿತು ತಲೆನೋವು. ಝ್ರಾಕ್ಸನಿಗೆ ಅನ್ನಲೋ, ಝ್ರಾಕ್ಸ್‌ಗೆ ಅನ್ನಲೋ, ಝ್ರಾಕ್ಸಿಗೆ ಅನ್ನಲೋ? ಮೂರನ್ನೂ ಒಂದೇ ಪುಟದಲ್ಲಿ ಬರೆದಿದ್ದೆ ಅಂತ ಆಮೇಲೆ ಗೊತ್ತಾಯಿತು. ನಾನು ಟೈಪ್ ಮಾಡಿದ್ದು ಯೂನಿಕೋಡ್‌ನಲ್ಲಿ, ಪುಟ ಜೋಡಿಸುವ ಡಿಟಿಪಿಯವರ ಹತ್ತಿರ ಇದ್ದದ್ದು ಹಳೇ ನುಡಿ ಫಾಂಟು, ಒಂದರ ಅಕ್ಷರ ಇನ್ನೊಂದಕ್ಕೆ ಸೀದಾ ಹೊಂದುವುದಿಲ್ಲ. ಕನ್ವರ್ಟ್ ಮಾಡಿದ ಮೇಲೆ ಒತ್ತಕ್ಷರಗಳು ಏನಾದವು ಅಂತ ಕೇಳಬೇಡಿ. ಒತ್ತಿಗೆ ಒತ್ತು ಬಿದ್ದು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿತ್ತು. ಪುಟಕ್ಕೆ 30 ರೂಪಾಯಿಯ ಹಾಗೆ ಶುರುವಾದದ್ದು, ಮೂರು ಸಲ ತಿದ್ದಿಸಿದ ಮೇಲೆ ಹತ್ತಿರ ಹತ್ತಿರ ಎರಡರಷ್ಟಾಯಿತು. 500 ಪ್ರತಿ ಹಾಕಿಸಿದೆ. ಎಲ್ಲಾ ಸೇರಿ 42 ಸಾವಿರವೋ 43 ಸಾವಿರವೋ. ಎರಡು ವರ್ಷದಲ್ಲಿ ಹೋದದ್ದು 130 ಇರಬಹುದು, ಅದರಲ್ಲೂ 40 ನಾನೇ ಮದುವೆ, ನಾಮಕರಣಗಳಿಗೆ ಉಡುಗೊರೆ ಕೊಟ್ಟದ್ದು. ಉಳಿದದ್ದು ಅಟ್ಟದ ಮೇಲಿದೆ. ಇಲಿಗಳಿಗೂ ಝ್ರಾಕ್ಸ್ ಅಷ್ಟು ಹಿಡಿಸಿದ ಹಾಗಿಲ್ಲ.

ಇಷ್ಟಾದರೂ ಬುದ್ಧಿ ಬರಲಿಲ್ಲ. ಅದೇ ಕಥೆಯನ್ನು ಆಡಿಯೋ ಮಾಡಿಸಲು ಹೋದೆ. ಸ್ಟುಡಿಯೋಗೆ ಗಂಟೆಗೆ 700. ಓದಲು ಬಂದ ಹುಡುಗಿ ರಂಗಭೂಮಿಯವಳು, ಎಂಥ ಮಾತನ್ನೂ ನೀರು ಕುಡಿದ ಹಾಗೆ ಹೇಳುವವಳು. ಖ್ರೋಮಾಂಡ್ರಿಲ್ ಹತ್ತಿರ ಬಂದಾಗಲೆಲ್ಲ ನಿಲ್ಲುತ್ತಿದ್ದಳು. ಒಂದು ಗಂಟೆಯ ಕೆಲಸ ನಾಲ್ಕು ಗಂಟೆ ಹಿಡಿಯಿತು. ಕೊನೆಗೆ ಅವಳು, "ಸರ್, ಇವನನ್ನ ಎರಡನೇ ಅಧ್ಯಾಯದಲ್ಲೇ ಸಾಯಿಸಿಬಿಡಿ ಪ್ಲೀಸ್" ಎಂದಳು.

ದಾರಿ ತೋರಿಸಿದ್ದು ನನ್ನ ಅಕ್ಕನ ಮಗ. ಆಗ ಅವನಿಗೆ ಏಳು ವರ್ಷ. ಪುಸ್ತಕ ಓದಿ ಹೇಳಿದ್ದೆ. ಮಾರನೇ ದಿನ ಊಟಕ್ಕೆ ಕೂತಾಗ ಕೇಳಿದ: "ಮಾಮ, ಆ ಜೆರಾಕ್ಸಪ್ಪ ಸತ್ತೇ ಹೋದ್ನಾ?"

ಜೆರಾಕ್ಸಪ್ಪ! ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡದ್ದನ್ನು ಅವನು ಒಂದು ರಾತ್ರಿಯಲ್ಲಿ ಸರಿ ಮಾಡಿದ್ದ. ಕೊನೆಗೊಂದು ಸ್ವರ ಇದೆ, ಹಾಗಾಗಿ ವಿಭಕ್ತಿ ತಾನಾಗಿ ಕೂತುಕೊಳ್ಳುತ್ತದೆ. ಅಪ್ಪ ಇದೆ, ಹಾಗಾಗಿ ಗಂಡಸು ಅಂತ ಬೇರೆ ಹೇಳಬೇಕಿಲ್ಲ. ಜೊತೆಗೆ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯೂ ಬಂದುಬಿಟ್ಟಿದೆ. ರಾಕ್ಷಸನನ್ನು ಕೊಂದರೆ ಇನ್ನೊಂದು ಪ್ರತಿ ಹೊರಗೆ ಬರುತ್ತದೆ ಅನ್ನುವ ಎರಡನೇ ಪುಸ್ತಕದ ಕಥೆ ಪೂರ್ತಿ ಆ ಹೆಸರಿನಿಂದಲೇ ಹುಟ್ಟಿದ್ದು. ಹುಡುಗನಿಗೆ ಸೈಕಲ್ ಕೊಡಿಸಿದೆ. ಅದನ್ನೂ ಖರ್ಚಿಗೆ ಸೇರಿಸಿಕೊಳ್ಳಿ, 4,500.

ಅಲ್ಲಿಂದ ನಾನು ಶಬ್ದ ಹುಡುಕುವುದು ಬಿಟ್ಟು ಅಚ್ಚು ಹುಡುಕಲು ಶುರು ಮಾಡಿದೆ. ಕನ್ನಡದ ಕಿವಿಗೆ ಈಗಾಗಲೇ ಗೊತ್ತಿರುವ ಹೆಸರಿನ ಅಚ್ಚು. ಅದರೊಳಗೆ ಸುರಿಯುವ ಹಿಟ್ಟು ಮಾತ್ರ ಬೇರೆ.

ಪುರಾಣದ ಹೆಸರುಗಳನ್ನೇ ನೋಡಿ. ಕುಂಭಕರ್ಣ ಅಂದ್ರೆ ಕೊಡದಂಥ ಕಿವಿಯವನು. ಶೂರ್ಪನಖಿ ಅಂದ್ರೆ ಮೊರದಂಥ ಉಗುರಿನವಳು. ಎಲ್ಲಾ ಅಡುಗೆಮನೆ ಸಾಮಾನೇ. ಇದನ್ನು ಸೀದಾ ಕನ್ನಡಕ್ಕೆ ಇಳಿಸಿ ನೋಡೋಣ ಅಂತ ಒಂದು ತಿಂಗಳು ಕೂತೆ. ಮೊರದುಗುರಮ್ಮ ಚೆನ್ನಾಗಿ ಬಂದಳು, ಮಕ್ಕಳಿಗೆ ಇಷ್ಟವಾದಳು. ಕೊಡಗಿವಿಯಪ್ಪ ಮಾತ್ರ ಕೈಕೊಟ್ಟ. ಓದಿದ ಐವರಲ್ಲಿ ಮೂವರು "ಕೊಡಗಿನವನಾ?" ಅಂತ ಕೇಳಿದರು. ಒಬ್ಬರಂತೂ ಅವನಿಗೆ ಕೋವಿ ಯಾಕೆ ಕೊಟ್ಟಿಲ್ಲ ಅಂದರು. ಕೈಬಿಟ್ಟೆ.

ನಿಜವಾಗಿ ಕೈಹಿಡಿದದ್ದು ಬಿರುದುಗಳು. ಲೈಬ್ರರಿಯಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಅಂತ ನಮ್ಮ ಶಾಸನಗಳನ್ನು ಒಟ್ಟು ಮಾಡಿದ ಸಂಪುಟಗಳ ಮೇಲೆ ಧೂಳು ಕೂತಿರುತ್ತದೆ, ಹೋಗಿ ತೆಗೆಯಿರಿ. ಹೊಯ್ಸಳ ವೀರಬಲ್ಲಾಳನ ಬಿರುದುಗಳು ಹೀಗೆ ಸಾಲಾಗಿ ಬರುತ್ತವೆ: ಶನಿವಾರಸಿದ್ಧಿ, ಗಿರಿದುರ್ಗಮಲ್ಲ, ಚಲದಂಕರಾಮ, ನಿಶ್ಶಂಕಪ್ರತಾಪ. ಶನಿವಾರಸಿದ್ಧಿ! ಶನಿವಾರ ಕೈಹಾಕಿದ ಕೆಲಸ ಗೆಲ್ಲುವವನು. ಹಾಗಾದರೆ ಉಳಿದ ಆರು ದಿನ? ಈ ಪ್ರಶ್ನೆ ತಲೆಗೆ ಬಂದ ದಿನ ನಾನು ಮನೆಗೆ ನಡೆದೇ ಹೋದೆ, ಬಸ್ಸು ಬಂದದ್ದು ಗೊತ್ತಾಗಲಿಲ್ಲ.

ಮೊದಲು ಸುಲಭದ ದಾರಿ ಹಿಡಿದೆ. ಭಾನುವಾರಬುದ್ಧಿ, ಬುಧವಾರಸದ್ದು, ಶುಕ್ರವಾರಗೆದ್ದಿ. ಒಂದಕ್ಕೂ ಜೀವ ಇರಲಿಲ್ಲ. ನಾನು ಹೊಟ್ಟೆಪಾಡಿಗೆ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವನು. ಒಂದು ಸೋಮವಾರ ಬೆಳಿಗ್ಗೆ ಸುಸ್ತಿದಾರರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚುತ್ತಿದ್ದೆ. ಕೈಯಲ್ಲಿ ಅಂಟು, ಬಾಯಲ್ಲಿ ಆಕಳಿಕೆ. ಸೋಮವಾರಸುಸ್ತಿ! ದಣಿವಿನ ಸುಸ್ತೂ ಆಯಿತು, ಸಾಲ ಕಟ್ಟದ ಸುಸ್ತಿಯೂ ಆಯಿತು. ರಾಜ ಯಾರು ಅಂತ ಆ ಕ್ಷಣಕ್ಕೆ ಗೊತ್ತಾಯಿತು: ಅಕ್ಕಪಕ್ಕದ ಮೂರು ರಾಜ್ಯಗಳಿಗೆ ಸಾಲ ತೀರಿಸಬೇಕಾದವನು. ಉಳಿದದ್ದು ಮಧ್ಯಾಹ್ನದ ಊಟದೊಳಗೆ ಮುಗಿಯಿತು. ಗಿರಿದುರ್ಗಮಲ್ಲ ಹೋಗಿ ಗಿರಗಿಟ್ಲೆಮಲ್ಲ. ಚಲದಂಕರಾಮ ಹೋಗಿ ಸಾಲದಂಕರಾಮ. ಕೊನೆಯದಂತೂ ತಾನಾಗೇ ಬಿತ್ತು. ನಿಶ್ಶಂಕಪ್ರತಾಪದಲ್ಲಿ ಒಂದೇ ಒಂದು ಅಕ್ಷರ ಬದಲಿಸಿ ನೋಡಿ: ನಿಶ್ಶಂಕಪ್ರಲಾಪ.

ಇದರಲ್ಲಿ ಆದಷ್ಟು ಕಡಿಮೆ ಅಕ್ಷರ ಮುಟ್ಟಬೇಕು. ಜಾಸ್ತಿ ಮುಟ್ಟಿದರೆ ಅಚ್ಚು ಒಡೆಯುತ್ತದೆ, ಬರೀ ಅಣಕ ಉಳಿಯುತ್ತದೆ. ಕಿವಿಗೆ ರಾಜ ಕೇಳಿಸಬೇಕು, ಅರ್ಧ ಕ್ಷಣ ತಡವಾಗಿ ಸಾಲ ಕೇಳಿಸಬೇಕು. ಇನ್ನೊಂದು ವಿಷಯ: ಕಥೆಯೊಳಗೆ ಆ ಹೆಸರಿಗೆ ಯಾರೂ ನಗಬಾರದು. ಹೊಗಳುಭಟರು ಪ್ರತಿ ಸಲ ನಾಲ್ಕೂ ಬಿರುದನ್ನು ಗಂಟಲು ಕಿತ್ತು ಕೂಗುತ್ತಾರೆ, ಸಾಲ ಕೊಟ್ಟವರು ಎದ್ದು ನಿಂತು ಕೈಮುಗಿಯುತ್ತಾರೆ. ರಾಣಿ ಮಾತ್ರ "ರೀ" ಅಂತಾಳೆ.

ಬರೆದ ಹೆಸರನ್ನು ಪರೀಕ್ಷೆ ಮಾಡುವುದು ಮಹಡಿ ಮೇಲೆ. ಬೀದಿಯಲ್ಲಿ ಆಡುವ ಮಗುವನ್ನು ಊಟಕ್ಕೆ ಕರೆಯುವ ಹಾಗೆ ಜೋರಾಗಿ ಕೂಗುತ್ತೇನೆ. ಕೊನೆಯ ಸ್ವರ ಎಳೆಯಲು ಬರಬೇಕು. ಜೆರಾಕ್ಸಪ್ಪಾ! ಬರುತ್ತದೆ. ಝ್ರಾಕ್ಸ್! ಏನು ಎಳೆಯುತ್ತೀರಿ? ಪಕ್ಕದ ಮನೆಯವರು ಮೊದಮೊದಲು ಕಿಟಕಿ ಹಾಕುತ್ತಿದ್ದರು, ಈಗ ಅಭಿಪ್ರಾಯ ಹೇಳುತ್ತಾರೆ. ಮಹಾಪ್ರಾಣ ಒಂದು ಹೆಸರಿಗೆ ಒಂದೇ, ಅದೂ ದೊಡ್ಡ ರಾಕ್ಷಸನಾದರೆ ಮಾತ್ರ. ಘ, ಭ, ಢ ಮೂರನ್ನೂ ಒಬ್ಬನಿಗೇ ಕೊಟ್ಟರೆ ಮಿಕ್ಕ ದೊಡ್ಡ ರಾಕ್ಷಸರಿಗೆ ಏನು ಉಳಿಯಿತು?

ಮಂಡ್ಯದ ಗೆಳೆಯನೊಬ್ಬ ಹಾಲಾಹಲಪ್ಪ ಅನ್ನುವ ಹೆಸರನ್ನು ಬೇಕೆಂದೇ "ಆಲಾಅಲಪ್ಪ" ಅಂತ ಓದಿ ತೋರಿಸಿದ. ತೆಗೆಯೋಣ ಅಂದುಕೊಂಡೆ. ಆಮೇಲೆ ಹಾಲಾಹಲಪ್ಪ, ಆಲಾಅಲಪ್ಪ ಇಬ್ಬರೂ ಬೇರೆ ಬೇರೆ ಜನ ಅಂತ ಮಾಡಿ, ಒಬ್ಬನ ಶಿಕ್ಷೆ ಇನ್ನೊಬ್ಬನಿಗೆ ಆಗುವ ಅಧ್ಯಾಯ ಬರೆದೆ. ಪುಸ್ತಕದಲ್ಲಿ ನನಗೆ ಇಷ್ಟವಾದ ಅಧ್ಯಾಯ ಅದೇ. ಯಾಕೋ ಬೇರೆ ಯಾರೂ ಅದರ ಮಾತೆತ್ತಿಲ್ಲ.

ಉತ್ತರ ಕರ್ನಾಟಕದ ಅಡ್ಡಹೆಸರುಗಳು ಇನ್ನೊಂದು ಗಣಿ. ಉಳ್ಳಾಗಡ್ಡಿ, ಬೆಲ್ಲದ, ತುಪ್ಪದ, ಮೆಣಸಿನಕಾಯಿ. ಬೆಂಕಿ ಉಗುಳುವ ರಾಕ್ಷಸನಿಗೆ ಭಸ್ಮಪ್ಪ ಮೆಣಸಿನಕಾಯಿ ಅಂತಿಟ್ಟೆ. ಪುಸ್ತಕ ಬಂದು ತಿಂಗಳಾಗಿತ್ತು, ಧಾರವಾಡ ಕಡೆಯಿಂದ ಒಂದು ಫೋನು. "ನಮ್ಮ ಮನಿತನದ ಹೆಸರು ರಾಕ್ಷಸಗ ಇಟ್ಟೀರಿ?" ನನ್ನ ಕೈ ಬೆವರಿತು. ಕ್ಷಮೆ ಕೇಳಲು ಶುರು ಮಾಡಿದೆ. "ಅದು ಇರಲಿ ಬಿಡ್ರಿ. ಕಡೀಕ ಅವನ್ನ ಯಾಕ ಸಾಯ್ಸಿದ್ರಿ ಅಂತ ಕೇಳಾಕ ಫೋನ್ ಮಾಡೀನಿ" ಅಂದರು. ಎರಡನೇ ಮುದ್ರಣದಲ್ಲಿ ಅವನನ್ನು ಬದುಕಿಸಿದೆ. ಅವರು ಹತ್ತು ಪ್ರತಿ ತರಿಸಿಕೊಂಡರು.

ಎಲ್ಲವೂ ಹೀಗೆ ಸುಲಭಕ್ಕೆ ಮುಗಿಯುವುದಿಲ್ಲ. ಒಂದು ಕರಡಿನಲ್ಲಿ ಕರಾವಳಿಯ ದೈವವೊಂದರ ಹೆಸರನ್ನು ತಿರುಚಿದ್ದೆ. ಪುತ್ತೂರಿನ ಗೆಳೆಯ ಓದಿ, "ಅದು ತಮಾಷೆಗಲ್ಲ ಮಾರಾಯ, ತೆಗಿ" ಎಂದ. ನಗುತ್ತಾ ಹೇಳಲಿಲ್ಲ. ಅವತ್ತೇ ತೆಗೆದೆ. ಕೋಲ ಕಟ್ಟಿ ನಂಬುವ ಜನರ ಹೆಸರು ಅದು, ನನ್ನ ಅಚ್ಚಿಗೆ ಹಿಟ್ಟಲ್ಲ. ಜಾತಿ ಗೊತ್ತಾಗುವ ಬಾಲವನ್ನೂ ಖಳರಿಗೆ ಹಚ್ಚುವುದಿಲ್ಲ.

ರಾಕ್ಷಸಿಯರ ಹೆಸರು ಎಲ್ಲಿಂದ ತರುತ್ತೀರಿ ಅಂತ ಬಹಳ ಜನ ಕೇಳುತ್ತಾರೆ. ಅದಕ್ಕೊಂದು ಹಳೇ ಮುದ್ರಿತ ಪುಸ್ತಕ ಇದೆ, ಎಲ್ಲರ ಮನೆಯಲ್ಲೂ ಇರುವಂಥದ್ದೇ. ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ಮುಂದಿನ ವರ್ಷ ಎಲ್ಲರ ರಾಕ್ಷಸಿಯರೂ ಅಕ್ಕತಂಗಿಯರಾಗಿಬಿಡುತ್ತಾರೆ.

ಲೆಕ್ಕ ಹೇಳುವುದಾದರೆ, ಎರಡನೇ ಪುಸ್ತಕಕ್ಕೆ ಸುಮಾರು 140 ಹೆಸರು ಬರೆದೆ, ಉಳಿದದ್ದು 11. ಹೆದರಿಕೆಯಿಂದ 300 ಪ್ರತಿ ಮಾತ್ರ ಹಾಕಿಸಿದೆ. ಏಳೆಂಟು ತಿಂಗಳಲ್ಲಿ ಮುಗಿಯಿತು, ಮತ್ತೆ 500. ಹಾಕಿದ ದುಡ್ಡು ಬಂದು ಮೇಲೆ 15 ಸಾವಿರದ ಹತ್ತಿರ ಉಳಿದಿದೆ. ಅಟ್ಟದ ನಷ್ಟ ಇನ್ನೂ ತುಂಬಿಲ್ಲ. ನಾನೂ ಒಂದು ಲೆಕ್ಕದಲ್ಲಿ ಸುಸ್ತಿದಾರನೇ.

ಶಾಸನ ಓದುವಾಗ ಸಿಕ್ಕಿದ್ದು ಇನ್ನೊಂದಿದೆ. ಮದ್ದೂರು ಹತ್ತಿರದ ಆತಕೂರಿನ ಶಾಸನ, 949–50ರ ಸುಮಾರಿನದು. ಮಣಲೇರ ಅನ್ನುವ ವೀರ ಯುದ್ಧದಲ್ಲಿ ಗೆಲ್ಲಿಸಿಕೊಟ್ಟದ್ದಕ್ಕೆ ಗಂಗರ ಅರಸ ಬೂತುಗ ಏನು ಬೇಕು ಕೇಳು ಅಂದರೆ, ಅವನು ಕೇಳಿದ್ದು ಒಂದು ಬೇಟೆನಾಯಿ. ಆ ನಾಯಿ ದೊಡ್ಡ ಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು. ಸುತ್ತ ಮಾರುದ್ದದ ಬಿರುದಿನವರು, ನಾಯಿಯ ಹೆಸರು ಮಾತ್ರ ಕಾಳಿ. ಅಷ್ಟೇ. ಅದನ್ನು ನೋಡಿ ನನ್ನ ಪುಸ್ತಕದಲ್ಲೂ ರಾಜನ ನಾಯಿಗೆ ಕರಿಯ ಅಂತಿಟ್ಟೆ. ಅರ್ಧ ನಿಮಿಷದ ಕೆಲಸ.

ಈಗ ಶಾಲೆಗಳಿಗೆ ಕಥೆ ಹೇಳಲು ಹೋದರೆ ಮಕ್ಕಳು ಮೊದಲು ಕೇಳುವುದು ಕರಿಯ ಎಲ್ಲಿ ಅಂತ. ಮೂರನೇ ಪುಸ್ತಕದಲ್ಲಿ ಅವನಿಗೊಬ್ಬ ತಮ್ಮ ಬರುತ್ತಿದ್ದಾನೆ. ಮೈಬಣ್ಣ ಬಿಳಿ. ಬಿಳಿಯ ಅಂತ ಇಡೋದೋ ಬೇಡವೋ ಅಂತ ಮೂರು ವಾರದಿಂದ ಮಹಡಿ ಮೇಲೆ ನಿಂತು ಕೂಗುತ್ತಿದ್ದೇನೆ.